ಶುಗರ್ ನಾರ್ಮಲ್ ಅಂದ ರಿಪೋರ್ಟಿನ ಉಳಿದ ಸಾಲುಗಳು

ಒಂದು ರಿಪೋರ್ಟನ್ನು ಎದುರಿಗಿಟ್ಟುಕೊಂಡೇ ಮಾತಾಡೋಣ. ಕಲ್ಪಿತ ರಿಪೋರ್ಟು, ಆದರೆ ಇಂಥದ್ದು ಯಾವ ಊರಿನ ಲ್ಯಾಬಿನಲ್ಲೂ ಸಿಗುತ್ತದೆ. ವಯಸ್ಸು 52, ಗಂಡಸು, ಟೈಪ್ 2 ಸಕ್ಕರೆ ಕಾಯಿಲೆ ಶುರುವಾಗಿ ಎಂಟು ವರ್ಷ, ಎರಡು ಹೊತ್ತು ಮೆಟ್‌ಫಾರ್ಮಿನ್, ಬೆಳಿಗ್ಗೆ ಗ್ಲಿಮೆಪಿರೈಡ್. ಖಾಲಿ ಹೊಟ್ಟೆಯ ಸಕ್ಕರೆ 118, ಊಟವಾದ ಮೇಲೆ 162, ಎಚ್‌ಬಿಎ1ಸಿ 6.9. ಒಟ್ಟು ಕೊಲೆಸ್ಟ್ರಾಲ್ 178, ಟ್ರೈಗ್ಲಿಸರೈಡ್ (ರಕ್ತದಲ್ಲಿ ಓಡಾಡುವ ಕೊಬ್ಬು) 240, ಎಚ್‌ಡಿಎಲ್ (ಒಳ್ಳೆಯದು ಅನ್ನುವ ಕೊಲೆಸ್ಟ್ರಾಲ್) 34, ಎಲ್‌ಡಿಎಲ್ (ಕೆಟ್ಟದ್ದು ಅನ್ನುವುದು) 96. ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ 1.0. ಯಕೃತ್ತಿನ ಪರೀಕ್ಷೆಗಳಾದ ಎಎಸ್‌ಟಿ 38, ಎಎಲ್‌ಟಿ 52, ಪ್ಲೇಟ್‌ಲೆಟ್ 1.9 ಲಕ್ಷ. ಮೂತ್ರದ ಅಲ್ಬುಮಿನ್ (ಒಂದು ಬಗೆಯ ಪ್ರೋಟೀನು) ಪರೀಕ್ಷೆ ಮಾಡಿಸಿಲ್ಲ. ಕೊಲೆಸ್ಟ್ರಾಲ್ ಮಾತ್ರೆ ಇಲ್ಲ, ಯಾಕಂದರೆ "ಕೊಲೆಸ್ಟ್ರಾಲ್ 200ರ ಒಳಗಿದೆಯಲ್ಲ".

ಮನೆಯವರು ಎಚ್‌ಬಿಎ1ಸಿ ನೋಡಿ "ಶುಗರ್ ಕಂಟ್ರೋಲ್‌ನಲ್ಲಿದೆ" ಅಂತ ಫೈಲು ಮುಚ್ಚುತ್ತಾರೆ. ಸಕ್ಕರೆಯ ಮೂರು ಸಾಲು ಚೆನ್ನಾಗಿಯೇ ಇವೆ, ಒಪ್ಪೋಣ. ಆದರೆ ಟೈಪ್ 2 ಇರುವವರನ್ನು ಬೇಗ ಕರೆದುಕೊಂಡು ಹೋಗುವುದು ಹೆಚ್ಚಾಗಿ ಹೃದಯ ಮತ್ತು ಮೂತ್ರಪಿಂಡ. ಅವೆರಡರ ಸುದ್ದಿ ಇರುವುದು ಕೆಳಗಿನ ಸಾಲುಗಳಲ್ಲಿ, ಲ್ಯಾಬಿನವರು ಅಚ್ಚು ಹಾಕದ ಒಂದೆರಡು ಅಂಕಿಗಳಲ್ಲಿ, ಮಾಡಿಸದೆ ಬಿಟ್ಟ ಒಂದು ಪರೀಕ್ಷೆಯಲ್ಲಿ.

ಎಚ್‌ಬಿಎ1ಸಿ ಹೇಳುವುದೆಷ್ಟು

ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನವೂ ರಕ್ತದ ಸಕ್ಕರೆ ಅದರ ಹಿಮೋಗ್ಲೋಬಿನ್‌ಗೆ ಅಂಟುತ್ತಾ ಹೋಗುತ್ತದೆ. ಹಾಗೆ ಅಂಟಿದ ಪಾಲೇ ಎಚ್‌ಬಿಎ1ಸಿ. ಮೂರು ತಿಂಗಳ ಸರಾಸರಿ ಅನ್ನುತ್ತಾರಾದರೂ ಕೊನೆಯ ಒಂದು ತಿಂಗಳ ಪಾಲೇ ಹೆಚ್ಚುಕಡಿಮೆ ಅರ್ಧ. ಇದನ್ನು ದಿನದ ಸಕ್ಕರೆಯ ಲೆಕ್ಕಕ್ಕೆ ತರಬೇಕಾದರೆ 28.7ರಿಂದ ಗುಣಿಸಿ 46.7 ಕಳೆಯಿರಿ. 6 ಅಂದರೆ ಸರಾಸರಿ 126, 7 ಅಂದರೆ 154, 8 ಅಂದರೆ 183, 9 ಅಂದರೆ 212.

ಈ ಲೆಕ್ಕ ಮನೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಗ್ಲುಕೋಮೀಟರಿನಲ್ಲಿ ಬೆಳಿಗ್ಗೆ, ಊಟದ ಮುಂಚೆ, ಊಟವಾಗಿ ಎರಡು ಗಂಟೆಗೆ ಅಂತ ಕೆಲವು ವಾರ ಬರೆದಿಟ್ಟ ಅಂಕಿಗಳ ಸರಾಸರಿ 140 ಇದ್ದು, ಲ್ಯಾಬಿನ ಎಚ್‌ಬಿಎ1ಸಿ 8.2 ಬಂದರೆ ಎರಡರಲ್ಲಿ ಒಂದು ಸರಿಯಿಲ್ಲ. ಮೊದಲು ಅನುಮಾನಿಸಬೇಕಾದ್ದು ರಕ್ತಹೀನತೆಯನ್ನು. ಕಬ್ಬಿಣದ ಕೊರತೆಯಲ್ಲಿ ಹೊಸ ಕಣ ಹುಟ್ಟುವುದು ನಿಧಾನವಾಗಿ, ಹಳೆಯ ಕಣಗಳೇ ಹೆಚ್ಚು ದಿನ ಓಡಾಡುತ್ತವೆ. ಹಾಗಾಗಿ ಸಕ್ಕರೆ ಏರದಿದ್ದರೂ ಎಚ್‌ಬಿಎ1ಸಿ ಏರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇತ್ತು. ಅಂದಮೇಲೆ ನಮ್ಮಲ್ಲಿ ಹಿಮೋಗ್ಲೋಬಿನ್ ನೋಡದೆ ಎಚ್‌ಬಿಎ1ಸಿ ಓದುವುದು ಅರ್ಧ ಓದು. ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲಿ, ಇದ್ದಕ್ಕಿದ್ದಂತೆ ಹೆಚ್ಚು ರಕ್ತ ಹೋದವರಲ್ಲಿ, ಡಯಾಲಿಸಿಸ್ ಜೊತೆ ರಕ್ತಕಣ ಹುಟ್ಟಿಸುವ ಎರಿತ್ರೊಪೊಯಿಟಿನ್ ಇಂಜೆಕ್ಷನ್ ಪಡೆಯುವವರಲ್ಲಿ ಇದರ ಉಲ್ಟಾ: ಸಕ್ಕರೆ ಹೆಚ್ಚಿದ್ದರೂ ಅಂಕಿ ತಗ್ಗಿ ಕಾಣುತ್ತದೆ. ಇಂಥವರಿಗೆ ಫ್ರಕ್ಟೋಸಮೈನ್ ಪರೀಕ್ಷೆ ಇದೆ, ಎರಡು ಮೂರು ವಾರದ ಲೆಕ್ಕ ಕೊಡುತ್ತದೆ.

7.0 ಇದ್ದದ್ದು 7.2 ಆಯಿತು ಅಂತ ಗಾಬರಿಪಡುವುದೂ, 6.9 ಬಂತು ಅಂತ ಹಿಗ್ಗುವುದೂ ಬೇಡ. ಅಷ್ಟು ಏರಿಳಿತ ಯಂತ್ರದ್ದೇ ಇರುತ್ತದೆ.

ಸಕ್ಕರೆ ಇಳಿಸಿದರೆ ಹೃದಯಕ್ಕೆ ಎಷ್ಟು ಲಾಭ? ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದ ಲೆಕ್ಕದಲ್ಲಿ, 2000ದಲ್ಲಿ ಪ್ರಕಟವಾದದ್ದು, ಎಚ್‌ಬಿಎ1ಸಿ ಒಂದು ಅಂಕ ಕಡಿಮೆಯಿದ್ದವರಲ್ಲಿ ಕಣ್ಣು, ಮೂತ್ರಪಿಂಡದಂಥ ಸಣ್ಣ ರಕ್ತನಾಳಗಳ ತೊಂದರೆ ಶೇ 37 ಕಡಿಮೆ, ಹೃದಯಾಘಾತ ಶೇ 14 ಮಾತ್ರ ಕಡಿಮೆ. ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಅಕಾರ್ಡ್ ಪ್ರಯೋಗದಲ್ಲಿ 6ಕ್ಕಿಂತ ಕೆಳಗೆ ಇಳಿಸಲೇಬೇಕು ಅಂತ ಹಟ ಹಿಡಿದ ಗುಂಪಿನಲ್ಲಿ ಸಾವು ಶೇ 22ರಷ್ಟು ಹೆಚ್ಚಾಯಿತು. 2008ರಲ್ಲಿ ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅಲ್ಲಿಂದಾಚೆಗೆ 2015ರಲ್ಲಿ ಎಂಪಾಗ್ಲಿಫ್ಲೋಜಿನ್ ಮಾತ್ರೆಯ ಪ್ರಯೋಗ ಬಂತು. ಮೊದಲೇ ಹೃದಯದ ಕಾಯಿಲೆ ಇದ್ದ ಸಕ್ಕರೆ ರೋಗಿಗಳಲ್ಲಿ ಹೃದಯ ಸಂಬಂಧಿ ಸಾವನ್ನು ಅದು ಶೇ 38ರಷ್ಟು ತಗ್ಗಿಸಿತು, ಎಚ್‌ಬಿಎ1ಸಿಯಲ್ಲಿ ಆದ ವ್ಯತ್ಯಾಸ ಮಾತ್ರ ಅಲ್ಪ. ಎಚ್‌ಬಿಎ1ಸಿ ಮುಖ್ಯವಲ್ಲ ಅಂತಲ್ಲ. ಕಣ್ಣು, ಕಾಲಿನ ನರ, ಮೂತ್ರಪಿಂಡಕ್ಕೆ ಅದೇ ಮುಖ್ಯ. ಹೃದಯದ ಲೆಕ್ಕ ಅದೊಂದರಲ್ಲೇ ಮುಗಿಯುವುದಿಲ್ಲ, ಅಷ್ಟೆ.

ಕೊಬ್ಬಿನ ಸಾಲುಗಳು: ಅಸಲಿ ವಿಷಯ ಇಲ್ಲಿದೆ

ನಮ್ಮ ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್ 240, ಎಚ್‌ಡಿಎಲ್ 34. ಒಂದು ಮೇಲೆ, ಇನ್ನೊಂದು ಕೆಳಗೆ. ಇದು ಭಾರತೀಯ ಸಕ್ಕರೆ ರೋಗಿಯ ಸಹಿ ಇದ್ದ ಹಾಗೆ. ಹೊಟ್ಟೆಯ ಕೊಬ್ಬು ಇನ್ಸುಲಿನ್ ಮಾತು ಕೇಳದೆ ಕೊಬ್ಬಿನಾಮ್ಲಗಳನ್ನು ರಕ್ತಕ್ಕೆ ಬಿಡುತ್ತದೆ. ಅವು ಯಕೃತ್ತಿಗೆ ಹೋಗುತ್ತವೆ. ಯಕೃತ್ತು ಅವನ್ನು ಟ್ರೈಗ್ಲಿಸರೈಡ್ ಮಾಡಿ ವಿಎಲ್‌ಡಿಎಲ್ ಕಣಗಳಲ್ಲಿ ತುಂಬಿ ಹೊರಗೆ ಕಳಿಸುತ್ತದೆ. ಆ ಕಣಗಳು ದಾರಿಯಲ್ಲಿ ಎಚ್‌ಡಿಎಲ್ ಮತ್ತು ಎಲ್‌ಡಿಎಲ್ ಜೊತೆ ಕೊಡುಕೊಳ್ಳುವಿಕೆ ನಡೆಸುತ್ತವೆ: ತಮ್ಮ ಟ್ರೈಗ್ಲಿಸರೈಡ್ ಕೊಟ್ಟು ಅವುಗಳ ಕೊಲೆಸ್ಟ್ರಾಲ್ ತೆಗೆದುಕೊಳ್ಳುತ್ತವೆ. ಟ್ರೈಗ್ಲಿಸರೈಡ್ ತುಂಬಿಕೊಂಡ ಎಚ್‌ಡಿಎಲ್ ಬೇಗ ಕರಗಿ ಮೂತ್ರಪಿಂಡದ ದಾರಿ ಹಿಡಿಯುತ್ತದೆ, ಅದಕ್ಕೇ ಅಂಕಿ ಇಳಿಯುವುದು. ಎಲ್‌ಡಿಎಲ್ ಕುಗ್ಗಿ ಸಣ್ಣದಾಗಿ, ಗಟ್ಟಿಯಾಗಿ ಉಳಿಯುತ್ತದೆ.

ಇಲ್ಲೇ ರಿಪೋರ್ಟು ನಮ್ಮ ಕಣ್ಣು ತಪ್ಪಿಸುವುದು. ಎಲ್‌ಡಿಎಲ್ ಅಂತ ಅಚ್ಚಾಗುವ ಅಂಕಿ ಆ ಕಣಗಳೊಳಗಿನ ಕೊಲೆಸ್ಟ್ರಾಲಿನ ತೂಕ, ಕಣಗಳ ಎಣಿಕೆಯಲ್ಲ. ಒಂದೇ ಕ್ವಿಂಟಾಲ್ ಅಕ್ಕಿಯನ್ನು ನಾಲ್ಕು ಮೂಟೆಗೆ ತುಂಬಿದರೂ ಹತ್ತು ಚೀಲಕ್ಕೆ ತುಂಬಿದರೂ ತಕ್ಕಡಿ ಅದನ್ನೇ ತೋರಿಸುತ್ತದೆ. ರಕ್ತನಾಳದ ಗೋಡೆಯೊಳಗೆ ನುಗ್ಗುವುದು ಕಣ. ಕಣ ಹೆಚ್ಚಿದ್ದಷ್ಟೂ ಹೆಚ್ಚು ನುಗ್ಗುತ್ತದೆ. ಹಾಗಾಗಿ ಸಕ್ಕರೆ ಕಾಯಿಲೆಯವರಲ್ಲಿ ಎಲ್‌ಡಿಎಲ್ 96 ಇದ್ದರೂ ಕಣದ ಎಣಿಕೆ ಬೇರೆಯವರ 130ಕ್ಕೆ ಸಮನಾಗಿರಬಹುದು.

ಇನ್ನೊಂದು ತೊಡಕು. ಬಹಳಷ್ಟು ಲ್ಯಾಬುಗಳು ಎಲ್‌ಡಿಎಲ್ ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ. 1972ರ ಫ್ರೀಡ್‌ವಾಲ್ಡ್ ಸೂತ್ರ: ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗ ಕಳೆಯಿರಿ. ನಮ್ಮ ರಿಪೋರ್ಟಿನಲ್ಲಿ 178ರಿಂದ 34 ಹೋದರೆ 144, ಅದರಿಂದ 48 ಹೋದರೆ 96. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರ ಕೆಲಸಕ್ಕೆ ಬಾರದು. ಅದಕ್ಕಿಂತ ಕಡಿಮೆ ಇದ್ದಾಗಲೂ ಟ್ರೈಗ್ಲಿಸರೈಡ್ ಹೆಚ್ಚು, ಎಲ್‌ಡಿಎಲ್ 70ರ ಆಸುಪಾಸು ಇರುವ ಕಡೆ ಅಸಲಿಗಿಂತ ಕಡಿಮೆ ತೋರಿಸುತ್ತದೆ. ಯಾರಿಗೆ ಸರಿಯಾದ ಅಂಕಿ ತೀರಾ ಬೇಕೋ ಅವರಿಗೇ ತಪ್ಪು ಅಂಕಿ. ಹೊಸ ಮಾರ್ಟಿನ್–ಹಾಪ್ಕಿನ್ಸ್ ಲೆಕ್ಕ ಇದಕ್ಕಿಂತ ವಾಸಿ. "ಡೈರೆಕ್ಟ್ ಎಲ್‌ಡಿಎಲ್" ಅಂತ ಬರೆದಿದ್ದರೆ ನೇರವಾಗಿ ಅಳೆದದ್ದು ಅಂತ ಅರ್ಥ.

ಈ ಎಲ್ಲ ತಾಪತ್ರಯ ತಪ್ಪಿಸಲು ಒಂದು ಪುಕ್ಕಟೆ ದಾರಿ ಇದೆ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದುಬಿಡಿ. 178ರಲ್ಲಿ 34 ಹೋದರೆ 144. ಇದೇ ನಾನ್‌ಎಚ್‌ಡಿಎಲ್. ರಕ್ತನಾಳ ಕೆಡಿಸುವ ಎಲ್ಲ ಬಗೆಯ ಕಣಗಳ ಕೊಲೆಸ್ಟ್ರಾಲ್ ಇದರಲ್ಲಿ ಸೇರಿತು. ಖಾಲಿ ಹೊಟ್ಟೆ ಬೇಕಿಲ್ಲ, ಸೂತ್ರದ ತಪ್ಪು ಇಲ್ಲ, ಬೇರೆ ದುಡ್ಡಿಲ್ಲ. ಸಕ್ಕರೆ ಕಾಯಿಲೆ ಇರುವವರು ರಿಪೋರ್ಟಿನ ಅಂಚಿನಲ್ಲಿ ಪೆನ್ನಿನಲ್ಲಿ ಬರೆದುಕೊಳ್ಳಬೇಕಾದ ಅಂಕಿ ಯಾವುದಾದರೂ ಇದ್ದರೆ ಇದೇ. ಎಲ್‌ಡಿಎಲ್ ಗುರಿ ಎಷ್ಟೋ ಅದಕ್ಕೆ 30 ಸೇರಿಸಿದರೆ ನಾನ್‌ಎಚ್‌ಡಿಎಲ್ ಗುರಿ.

ಗುರಿ ಎಷ್ಟು? ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಸಕ್ಕರೆ ಕಾಯಿಲೆ ಹೆಚ್ಚಿನ ಅಪಾಯದ ಗುಂಪಿಗೆ ಸೇರಿದೆ: ಎಲ್‌ಡಿಎಲ್ 70ಕ್ಕಿಂತ ಕೆಳಗೆ, ನಾನ್‌ಎಚ್‌ಡಿಎಲ್ 100ಕ್ಕಿಂತ ಕೆಳಗೆ. ಹೃದಯಾಘಾತ, ಪಾರ್ಶ್ವವಾಯು ಆಗಿ ಹೋದಂಥ ಅತಿ ಹೆಚ್ಚಿನ ಅಪಾಯದವರಿಗೆ 55 ಮತ್ತು 85. ಲ್ಯಾಬಿನ ಪಕ್ಕದ ಕಾಲಮ್ಮಿನಲ್ಲಿ "100ರ ಒಳಗೆ" ಅಂತ ಅಚ್ಚಾಗಿರುವುದು ಊರಿಗೆಲ್ಲ ಒಂದೇ ಅಳತೆ, ಸಕ್ಕರೆ ಕಾಯಿಲೆಯವರದ್ದಲ್ಲ. ಆದ್ದರಿಂದ 96ರ ಮುಂದೆ ನಕ್ಷತ್ರ ಚಿಹ್ನೆ ಬರಲಿಲ್ಲ, ದಪ್ಪ ಅಕ್ಷರ ಬರಲಿಲ್ಲ, ಯಾರ ಕಣ್ಣಿಗೂ ಬೀಳಲಿಲ್ಲ. 144 ಮಾತ್ರ ಗುರಿಗಿಂತ 44 ಮೇಲಿದೆ.

ಅಪೋಬಿ ಪರೀಕ್ಷೆ ಕಣಗಳನ್ನು ಎಣಿಸುವುದಕ್ಕೆ ಅತಿ ಹತ್ತಿರದ ದಾರಿ, ಯಾಕಂದರೆ ಪ್ರತಿ ಕೆಟ್ಟ ಕಣದ ಮೇಲೂ ಈ ಪ್ರೋಟೀನು ಒಂದೇ ಒಂದು ಇರುತ್ತದೆ. ಹೆಚ್ಚಿನ ಅಪಾಯದವರಿಗೆ 80, ಅತಿ ಹೆಚ್ಚಿನವರಿಗೆ 65 ಗುರಿ ಅಂತ ಯುರೋಪಿನ ಹೃದ್ರೋಗ ತಜ್ಞರು ಇಟ್ಟುಕೊಂಡಿದ್ದಾರೆ. ಎಲ್ಲರೂ ಮಾಡಿಸಬೇಕೆಂದಿಲ್ಲ. ಎಲ್‌ಡಿಎಲ್ ಗುರಿ ಮುಟ್ಟಿದೆ, ಟ್ರೈಗ್ಲಿಸರೈಡ್ ಮಾತ್ರ 200ರ ಮೇಲೆ ನಿಂತಿದೆ ಅನ್ನುವವರಿಗೆ ಇದು ಅರ್ಥಪೂರ್ಣ. ನಾನ್‌ಎಚ್‌ಡಿಎಲ್ಲೇ 144 ಇರುವವರು ಅಪೋಬಿಗೆ ದುಡ್ಡು ಹಾಕಿ ಹೊಸದೇನೂ ತಿಳಿಯಬೇಕಿಲ್ಲ.

ಟ್ರೈಗ್ಲಿಸರೈಡನ್ನು ಎಚ್‌ಡಿಎಲ್‌ನಿಂದ ಭಾಗಿಸಿದರೆ ಇಲ್ಲಿ 7. ಮೂರು, ಮೂರೂವರೆ ದಾಟಿದರೆ ಇನ್ಸುಲಿನ್ ಪ್ರತಿರೋಧದ ಸೂಚನೆ ಅನ್ನುವುದು ರೂಢಿ. ಒರಟು ಅಳತೆ, ದಿಕ್ಕು ತೋರಿಸಲು ಸಾಕು. ಇದನ್ನಿಟ್ಟುಕೊಂಡು ಮಾತ್ರೆ ನಿರ್ಧರಿಸುವುದಿಲ್ಲ.

ಟ್ರೈಗ್ಲಿಸರೈಡ್ ಹೆಚ್ಚಾದರೆ ಹಲವರು ನೇರ ಫೆನೋಫೈಬ್ರೇಟ್ ಮಾತ್ರೆಗೆ ಹೋಗುತ್ತಾರೆ. 2022ರಲ್ಲಿ ಪ್ರಕಟವಾದ ಪ್ರಾಮಿನೆಂಟ್ ಪ್ರಯೋಗ ಇಲ್ಲಿ ನೆನಪಿರಬೇಕು. ಹತ್ತು ಸಾವಿರಕ್ಕೂ ಹೆಚ್ಚು ಟೈಪ್ 2 ರೋಗಿಗಳು, ಅದೇ ಜಾತಿಯ ಪೆಮಾಫೈಬ್ರೇಟ್ ಮಾತ್ರೆ, ಟ್ರೈಗ್ಲಿಸರೈಡ್ ಕಾಲು ಭಾಗದಷ್ಟು ಇಳಿಯಿತು. ಹೃದಯಾಘಾತ ಒಂದಿಷ್ಟೂ ಕಡಿಮೆಯಾಗಲಿಲ್ಲ. ಅಪೋಬಿ ಇಳಿದಿರಲಿಲ್ಲ, ತುಸು ಏರಿತ್ತು. ಎಚ್‌ಡಿಎಲ್ ಏರಿಸುವ ಮಾತ್ರೆಗಳ ಕಥೆಯೂ ಹೀಗೇ ಮುಗಿದಿದೆ. ಆದ್ದರಿಂದ 240ನ್ನು ಸಂದೇಶ ಅಂತ ಓದಿ: ಅನ್ನ, ಮೈದಾ, ಸಿಹಿ, ಮದ್ಯ ಎಷ್ಟು ಹೋಗುತ್ತಿದೆ, ಥೈರಾಯ್ಡ್ ಕಡಿಮೆ ಇದೆಯೇ, ಸ್ಟೀರಾಯ್ಡ್ ಏನಾದರೂ ನಡೆಯುತ್ತಿದೆಯೇ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ. 500 ದಾಟಿದರೆ ಮಾತು ಬೇರೆ. ಅಲ್ಲಿ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಭಯ. 1000 ದಾಟಿದರಂತೂ ತಡ ಮಾಡುವ ಹಾಗಿಲ್ಲ, ಆಗ ಟ್ರೈಗ್ಲಿಸರೈಡನ್ನೇ ಮೊದಲು ಇಳಿಸಬೇಕು.

ಹೃದಯಕ್ಕೆ ಕೆಲಸ ಮಾಡುವುದು ಸ್ಟಾಟಿನ್, ಅಂದರೆ ಎಲ್‌ಡಿಎಲ್ ಇಳಿಸುವ ಮಾತ್ರೆ. 2004ರ ಕಾರ್ಡ್ಸ್ ಪ್ರಯೋಗದಲ್ಲಿ ಹೃದಯದ ಕಾಯಿಲೆ ಇನ್ನೂ ಕಾಣಿಸಿಕೊಳ್ಳದ ಟೈಪ್ 2 ರೋಗಿಗಳಿಗೆ ಅಟೋರ್ವಾಸ್ಟಾಟಿನ್ ಬರೀ 10 ಮಿಲಿಗ್ರಾಂ ಕೊಟ್ಟಾಗ ದೊಡ್ಡ ಹೃದಯ–ರಕ್ತನಾಳದ ಅವಘಡಗಳು ಶೇ 37 ಕಡಿಮೆಯಾದವು. 40ರಿಂದ 75ರ ವಯಸ್ಸಿನ ಸಕ್ಕರೆ ರೋಗಿಗೆ ಎಲ್‌ಡಿಎಲ್ ಎಷ್ಟೇ ಇರಲಿ ಸ್ಟಾಟಿನ್ ಕೊಡಿ ಅನ್ನುವ ಸಲಹೆ ಹುಟ್ಟಿದ್ದು ಇಂಥ ಪ್ರಯೋಗಗಳಿಂದ. "ಸ್ಟಾಟಿನ್ ತಗೊಂಡರೆ ಶುಗರ್ ಏರುತ್ತಂತೆ" ಅನ್ನುವುದು ಸುಳ್ಳಲ್ಲ, ಎಚ್‌ಬಿಎ1ಸಿ 0.1, 0.2ರಷ್ಟು ಏರಬಹುದು. ಆ ಸಾಲ ಸಣ್ಣದು, ಸಿಗುವ ಲಾಭ ದೊಡ್ಡದು. ಶುರು ಮಾಡಿದ 4ರಿಂದ 12 ವಾರದೊಳಗೆ ಮತ್ತೆ ಲಿಪಿಡ್ ಪರೀಕ್ಷೆ, ಅಂದರೆ ಕೊಬ್ಬಿನ ಈ ಸಾಲುಗಳನ್ನೆಲ್ಲ ಮಾಡಿಸಿ. ಅಟೋರ್ವಾಸ್ಟಾಟಿನ್ 40 ಅಥವಾ ರೋಸುವಾಸ್ಟಾಟಿನ್ 20 ನಡೆಯುತ್ತಿದ್ದರೆ ಎಲ್‌ಡಿಎಲ್ ಮೊದಲಿನದಕ್ಕಿಂತ ಹೆಚ್ಚುಕಡಿಮೆ ಅರ್ಧಕ್ಕೆ ಬರಬೇಕು. ಬರದಿದ್ದರೆ ಮಾತ್ರೆ ಡಬ್ಬಿಯಲ್ಲೇ ಉಳಿದಿದೆಯೇ ನೋಡುವುದು ಮೊದಲ ಕೆಲಸ. ಗುರಿ ಮುಟ್ಟಿದ ಮೇಲೆ "ಈಗ ನಾರ್ಮಲ್ ಆಯ್ತಲ್ಲ" ಅಂತ ನಿಲ್ಲಿಸುವವರು ಬೇಕಾದಷ್ಟು ಜನ. ನಿಲ್ಲಿಸಿದ ಕೆಲವೇ ವಾರಗಳಲ್ಲಿ ಅಂಕಿ ಹಳೇ ಜಾಗಕ್ಕೆ ಬರುತ್ತದೆ.

ಎಲ್‌ಡಿಎಲ್ ಥರದ್ದೇ ಇನ್ನೊಂದು ಕಣವಾದ ಲಿಪೊಪ್ರೋಟೀನ್ ಎ ಬಗ್ಗೆ ಎರಡು ಮಾತು. ಇದು ಹುಟ್ಟಿನಿಂದ ಬಂದದ್ದು, ಊಟ, ವ್ಯಾಯಾಮಕ್ಕೆ ಜಗ್ಗುವುದಿಲ್ಲ, ಸ್ಟಾಟಿನ್ನಿಗೂ ಇಳಿಯುವುದಿಲ್ಲ. ಜೀವಮಾನದಲ್ಲಿ ಒಂದು ಸಲ ಮಾಡಿಸಿದರೆ ಸಾಕು. 50 ಮಿಲಿಗ್ರಾಂ ಅಥವಾ 125 ನ್ಯಾನೋಮೋಲ್ ದಾಟಿದರೆ ಹೆಚ್ಚು. ಈ ಎರಡು ಮಾನಗಳನ್ನು ಒಂದರಿಂದ ಇನ್ನೊಂದಕ್ಕೆ ಗುಣಿಸಿ ಪರಿವರ್ತಿಸಲು ಹೋಗಬೇಡಿ, ಲೆಕ್ಕ ಕೂಡುವುದಿಲ್ಲ. ಹೆಚ್ಚಿದ್ದರೆ ಎಲ್‌ಡಿಎಲ್ಲನ್ನು ಇನ್ನಷ್ಟು ಕೆಳಗೆ ಇಳಿಸುವುದು, ಒಡಹುಟ್ಟಿದವರು, ಮಕ್ಕಳೂ ಒಮ್ಮೆ ನೋಡಿಸಿಕೊಳ್ಳುವುದು.

ಮಾಡಿಸದೆ ಬಿಟ್ಟ ಪರೀಕ್ಷೆ

ರಕ್ತದ ಮಾತಿನ ನಡುವೆ ಮೂತ್ರ ಯಾಕೆ ಅಂದರೆ, ಸಕ್ಕರೆ ರೋಗಿಯ ಹೃದಯದ ಅಪಾಯವನ್ನು ಇಷ್ಟು ಅಗ್ಗವಾಗಿ, ಇಷ್ಟು ಮುಂಚೆ ಹೇಳುವ ಪರೀಕ್ಷೆ ಇನ್ನೊಂದಿಲ್ಲ. ಮೂತ್ರದ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ, ಲ್ಯಾಬಿನಲ್ಲಿ ಎಸಿಆರ್ ಅನ್ನುತ್ತಾರೆ, ಕೆಲವು ಕಡೆ ಹಳೇ ಹೆಸರು ಮೈಕ್ರೋಅಲ್ಬುಮಿನ್. ಮೂತ್ರಪಿಂಡದ ಸೋಸುಗಣ್ಣುಗಳಲ್ಲಿ ಪ್ರೋಟೀನು ಸೋರಲು ಶುರುವಾಗಿದೆ ಅಂದರೆ ಮೈಯ ಉಳಿದ ರಕ್ತನಾಳಗಳ ಒಳಪದರವೂ ಸುಸ್ಥಿತಿಯಲ್ಲಿಲ್ಲ ಅಂತ ಅರ್ಥ.

ಗ್ರಾಂ ಕ್ರಿಯಾಟಿನಿನ್ನಿಗೆ 30 ಮಿಲಿಗ್ರಾಂ ಒಳಗಿದ್ದರೆ ಸರಿ. 30ರಿಂದ 300 ಮೊದಲ ಹಂತದ ಸೋರಿಕೆ, 300 ದಾಟಿದರೆ ಜೋರು. "ಯೂರಿನ್ ರೊಟೀನ್ ಮಾಡಿಸಿದೆ, ಅಲ್ಬುಮಿನ್ ನಿಲ್ ಅಂತ ಬಂತು" ಅನ್ನುವುದು ಇದಕ್ಕೆ ಬದಲಿಯಲ್ಲ. ಅದರಲ್ಲಿ ಮೂತ್ರಕ್ಕೆ ಅದ್ದುವ ಪಟ್ಟಿ ಬಣ್ಣ ತಿರುಗುವ ಹೊತ್ತಿಗೆ ಸೋರಿಕೆ ಸಾಮಾನ್ಯವಾಗಿ 300ರ ಮಟ್ಟಕ್ಕೆ ಬಂದಿರುತ್ತದೆ. 30ರಿಂದ 300ರ ನಡುವಿನ ವರ್ಷಗಳು, ಅಂದರೆ ಔಷಧದಿಂದ ಅತಿ ಹೆಚ್ಚು ಉಪಯೋಗವಾಗುವ ವರ್ಷಗಳು, ನಿಲ್ ಅನ್ನುವ ಪದದ ಹಿಂದೆ ಕಳೆದುಹೋಗುತ್ತವೆ.

ಬೆಳಿಗ್ಗೆ ಎದ್ದ ಮೇಲಿನ ಮೊದಲ ಮೂತ್ರ ಒಳ್ಳೆಯದು, ನಡುವಿನ ಧಾರೆ ಹಿಡಿಯಿರಿ. 24 ಗಂಟೆ ಕ್ಯಾನಿನಲ್ಲಿ ಕೂಡಿಡುವ ಹಳೇ ಪದ್ಧತಿ ಈಗ ಬೇಡ. ಹಿಂದಿನ ದಿನ ಜಿಮ್ ಅಥವಾ ಓಟ, ಜ್ವರ, ಮೂತ್ರದ ಸೋಂಕು, ಮುಟ್ಟು, ತೀರಾ ಏರಿದ ಸಕ್ಕರೆ ಅಥವಾ ಬಿಪಿ, ಇವೆಲ್ಲ ಅಂಕಿಯನ್ನು ಸುಮ್ಮನೆ ಏರಿಸುತ್ತವೆ. ಅದಕ್ಕೇ ಒಂದು ಸಲ ಹೆಚ್ಚು ಬಂದ ಮಾತ್ರಕ್ಕೆ ಹಣೆಪಟ್ಟಿ ಹಚ್ಚುವುದಿಲ್ಲ. ಮೂರರಿಂದ ಆರು ತಿಂಗಳಲ್ಲಿ ಮೂರು ಸಲ ಮಾಡಿ ಎರಡರಲ್ಲಿ ಹೆಚ್ಚಿದ್ದರೆ ಆಗ ಖಚಿತ. ಟೈಪ್ 2ರಲ್ಲಿ ಕಾಯಿಲೆ ಗೊತ್ತಾದ ದಿನದಿಂದಲೇ ವರ್ಷಕ್ಕೊಮ್ಮೆ ಬೇಕು, ಯಾಕಂದರೆ ಗೊತ್ತಾಗುವ ಹೊತ್ತಿಗೆ ಕಾಯಿಲೆಗೆ ಆಗಲೇ ಕೆಲವು ವರ್ಷ ವಯಸ್ಸಾಗಿರುತ್ತದೆ.

ನಮ್ಮ 52ರ ಗಂಡಸಿಗೆ ಈ ಪರೀಕ್ಷೆಯಲ್ಲಿ 68 ಬಂತು, ಮತ್ತೆ ನೋಡಿದಾಗಲೂ 60ರ ಮೇಲೇ ಇತ್ತು ಅಂತಿಟ್ಟುಕೊಳ್ಳಿ. ಯುರೋಪಿನ 2019ರ ಮಾರ್ಗಸೂಚಿಯ ಪ್ರಕಾರ ಅಂಗಾಂಗಕ್ಕೆ ಪೆಟ್ಟು ಬಿದ್ದ ಸಕ್ಕರೆ ರೋಗಿ ಅತಿ ಹೆಚ್ಚಿನ ಅಪಾಯದ ಗುಂಪಿಗೆ ಜಾರಿದ. ಎಲ್‌ಡಿಎಲ್ ಗುರಿ 70 ಇದ್ದದ್ದು 55 ಆಯಿತು. ಗ್ಲಿಮೆಪಿರೈಡ್ ಜಾಗದಲ್ಲಿ ಎಸ್‌ಜಿಎಲ್‌ಟಿ2 ಗುಂಪಿನ ಮಾತ್ರೆ, ಅಂದರೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ್ದು, ಯೋಚಿಸುವ ಕಾರಣ ಹುಟ್ಟಿತು. ಬಿಪಿಗೆ ಟೆಲ್ಮಿಸಾರ್ಟಾನ್ ಅಥವಾ ರಾಮಿಪ್ರಿಲ್ ಮೊದಲ ಆಯ್ಕೆಯಾಯಿತು. ಎಚ್‌ಬಿಎ1ಸಿ 6.9 ಇದ್ದಲ್ಲೇ ಇದೆ, ಚಿಕಿತ್ಸೆಯ ಚೀಟಿ ಪೂರ್ತಿ ಬದಲಾಯಿತು. ಇದನ್ನೆಲ್ಲ ವೈದ್ಯರೇ ಮಾಡಬೇಕು, ಆದರೆ ಆ ಅಂಕಿಯೇ ಇಲ್ಲದಿದ್ದರೆ ಅವರಾದರೂ ಏನು ಮಾಡಿಯಾರು.

ಹೊಸ ಮಾತ್ರೆ ಶುರುವಾದ ಮೇಲೆ ಬರುವ ರಿಪೋರ್ಟುಗಳಲ್ಲಿ ಗಾಬರಿ ಹುಟ್ಟಿಸುವ ಎರಡು ಸಾಲು ಇರುತ್ತವೆ. ಎಸ್‌ಜಿಎಲ್‌ಟಿ2 ಮಾತ್ರೆಯವರ ಮೂತ್ರದಲ್ಲಿ ಸಕ್ಕರೆ ಮೂರು ನಾಲ್ಕು ಪ್ಲಸ್ ಬರುತ್ತದೆ. ಆ ಮಾತ್ರೆಯ ಕೆಲಸವೇ ಅದು. ಇನ್ನೊಂದು, ಟೆಲ್ಮಿಸಾರ್ಟಾನ್ ಅಥವಾ ರಾಮಿಪ್ರಿಲ್ ಶುರುವಾಗಿ ಒಂದೆರಡು ವಾರಕ್ಕೆ ಕ್ರಿಯಾಟಿನಿನ್ ತುಸು ಏರುವುದು. ಶೇ 30ರೊಳಗಿನ ಏರಿಕೆಗೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವುದಿಲ್ಲ. ಅದೇ ರಕ್ತದಲ್ಲಿ ಪೊಟ್ಯಾಸಿಯಂ ನೋಡಬೇಕು, 5.5 ದಾಟಿದರೆ ವೈದ್ಯರಿಗೆ ಆವತ್ತೇ ತಿಳಿಸಿ.

ಕ್ರಿಯಾಟಿನಿನ್ 1.0 ಅನ್ನುವುದು ಒಂಟಿಯಾಗಿ ಹೆಚ್ಚೇನೂ ಹೇಳುವುದಿಲ್ಲ. ವಯಸ್ಸು, ಲಿಂಗ ಸೇರಿಸಿ ಇಜಿಎಫ್‌ಆರ್, ಅಂದರೆ ಮೂತ್ರಪಿಂಡ ಸೋಸುವ ವೇಗ, ಲೆಕ್ಕ ಹಾಕಬೇಕು. ಈ ಗಂಡಸಿಗೆ 2021ರ ಸೂತ್ರದಲ್ಲಿ ಸುಮಾರು 90, ಚೆನ್ನಾಗಿದೆ. ಅದೇ 1.0 ಎಪ್ಪತ್ತರ ಸಣಕಲು ಅಜ್ಜಿಯದ್ದಾದರೆ 60ರ ಹತ್ತಿರಕ್ಕೆ ಇಳಿಯುತ್ತದೆ, ಅದೂ ಸ್ನಾಯು ಕಡಿಮೆ ಇರುವುದರಿಂದ ಅಸಲಿಗಿಂತ ಚೆನ್ನಾಗಿ ಕಂಡೀತು. ಅಂಥಲ್ಲಿ ಸಿಸ್ಟಾಟಿನ್ ಸಿ ಅನ್ನುವ ರಕ್ತಪರೀಕ್ಷೆ ಹೆಚ್ಚು ನಂಬಿಕೆಗೆ ಅರ್ಹ. ರಾತ್ರಿ ಭರ್ಜರಿ ಬಾಡೂಟ ಮಾಡಿ ಬೆಳಿಗ್ಗೆ ರಕ್ತ ಕೊಟ್ಟರೆ ಕ್ರಿಯಾಟಿನಿನ್ ಏರಿ ಕಾಣಬಹುದು, ಫೆನೋಫೈಬ್ರೇಟ್ ಕೂಡ ಏರಿಸುತ್ತದೆ.

ಯಕೃತ್ತು, ಮತ್ತೆ ಕೆಲವು ದುಬಾರಿ ಹೆಸರುಗಳು

ಎಎಲ್‌ಟಿ 52ನ್ನು "ಸ್ವಲ್ಪ ಫ್ಯಾಟಿ ಲಿವರ್, ಎಲ್ಲರಿಗೂ ಇರುತ್ತೆ" ಅಂತ ದಾಟಿಬಿಡುತ್ತಾರೆ. ಫ್ಯಾಟಿ ಇದೆಯೋ ಇಲ್ಲವೋ ಅನ್ನುವುದಕ್ಕಿಂತ ಯಕೃತ್ತು ಗಟ್ಟಿಯಾಗುತ್ತಿದೆಯೇ ಅನ್ನುವುದು ಪ್ರಶ್ನೆ. ಅದಕ್ಕೆ ಫಿಬ್–4 ಅನ್ನುವ ಲೆಕ್ಕ: ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ, ಪ್ಲೇಟ್‌ಲೆಟ್ಟನ್ನು ಸಾವಿರದ ಲೆಕ್ಕದಲ್ಲಿಟ್ಟು ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 52 ಇಂಟು 38 ಅಂದರೆ 1976. 190 ಇಂಟು 7.2 ಅಂದರೆ 1368. ಉತ್ತರ 1.44. 1.3ರ ಒಳಗಿದ್ದರೆ ನಿಶ್ಚಿಂತೆ, 2.67 ದಾಟಿದರೆ ಯಕೃತ್ತಿನ ತಜ್ಞರ ಬಳಿಗೆ, ನಡುವೆ ಇದ್ದರೆ ಯಕೃತ್ತಿನ ಗಟ್ಟಿತನ ಅಳೆಯುವ ಫೈಬ್ರೋಸ್ಕ್ಯಾನ್. 65 ದಾಟಿದವರಿಗೆ ಕೆಳಗಿನ ಗಡಿ 2.0. ಮಾಮೂಲಿ ಅಲ್ಟ್ರಾಸೌಂಡ್ ಈ ಗಟ್ಟಿತನವನ್ನು ಬೇಗ ಹಿಡಿಯುವುದಿಲ್ಲ.

ಎಚ್‌ಎಸ್–ಸಿಆರ್‌ಪಿ ಉರಿಯೂತದ ಅಳತೆ. 1ರ ಕೆಳಗೆ ಒಳ್ಳೆಯದು, 3ರ ಮೇಲೆ ಹೆಚ್ಚು. ಹಲ್ಲುನೋವು, ನೆಗಡಿ, ಚಿಕುನ್‌ಗುನ್ಯಾದ ಮಂಡಿನೋವು ಯಾವುದಿದ್ದರೂ ಏರುತ್ತದೆ. 10 ದಾಟಿದರೆ ಬೇರೆ ಕಾರಣ ಹುಡುಕಿ, ಎರಡು ಮೂರು ವಾರ ಬಿಟ್ಟು ಮತ್ತೆ ನೋಡುವುದು. ಸ್ಟಾಟಿನ್ ಹೇಗೂ ಬೇಕಾಗಿರುವ ಸಕ್ಕರೆ ರೋಗಿಗೆ ಇದರಿಂದ ತೀರ್ಮಾನ ಬದಲಾಗುವುದು ಕಡಿಮೆ. ಖಾಲಿ ಹೊಟ್ಟೆಯ ಇನ್ಸುಲಿನ್, ಅದರಿಂದ ಲೆಕ್ಕ ಹಾಕುವ ಹೋಮಾ–ಐಆರ್ ಬಗ್ಗೆ ಇನ್ನೂ ಕಡಿಮೆ ಉತ್ಸಾಹ ಸಾಕು. ಇನ್ಸುಲಿನ್ ಪ್ರತಿರೋಧ ಇದೆ ಅನ್ನುವುದು ಟೈಪ್ 2 ಅಂದಾಗಲೇ ಗೊತ್ತಾಗಿದೆ, ಲ್ಯಾಬಿನಿಂದ ಲ್ಯಾಬಿಗೆ ಅಂಕಿ ಹೊಂದುವುದೂ ಇಲ್ಲ.

ಎನ್‌ಟಿ–ಪ್ರೊಬಿಎನ್‌ಪಿ ಮಾತ್ರ ಬೇರೆ ಜಾತಿ. ಹೃದಯದ ಗೋಡೆ ಹಿಗ್ಗಿದಾಗ ಹೊರಬರುವ ವಸ್ತು. ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು, ಸಂಜೆಗೆ ಪಾದ ಊದುವುದು, ಬಹಳ ವರ್ಷದ ಸಕ್ಕರೆ ಜೊತೆ ಬಿಪಿ ಇರುವವರಲ್ಲಿ ಇದಕ್ಕೆ ಬೆಲೆಯಿದೆ. 125 ದಾಟಿದರೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸುವುದು ಮುಂದಿನ ಹೆಜ್ಜೆ. ದಪ್ಪ ಇರುವವರಲ್ಲಿ ಈ ಅಂಕಿ ಕಡಿಮೆ ಕಾಣುತ್ತದೆ, ಮೂತ್ರಪಿಂಡ ಸೋತವರಲ್ಲಿ ಹೆಚ್ಚು ಕಾಣುತ್ತದೆ.

ಮನೆಗೆ ಬಂದು ರಕ್ತ ತೆಗೆಯುವ "ಫುಲ್ ಬಾಡಿ" ಪ್ಯಾಕೇಜುಗಳಲ್ಲಿ ಎಂಬತ್ತು ತೊಂಬತ್ತು ಪರೀಕ್ಷೆ ಅಂತ ಬರೆದಿರುತ್ತದೆ. ಒಂದು ಅಂಕಿಯನ್ನು ಇನ್ನೊಂದರಿಂದ ಭಾಗಿಸಿದ್ದನ್ನೂ ಒಂದು ಪರೀಕ್ಷೆ ಅಂತ ಎಣಿಸಿರುತ್ತಾರೆ. ದುಡ್ಡು ಕೊಡುವ ಮುಂಚೆ ಪಟ್ಟಿಯಲ್ಲಿ ಮೂತ್ರದ ಎಸಿಆರ್ ಇದೆಯೇ ಹುಡುಕಿ. ಎಷ್ಟೋ ಸಲ ಇರುವುದಿಲ್ಲ.

ರಕ್ತ ಕೊಡುವ ದಿನ ಕೆಡುವುದು

ರಿಪೋರ್ಟು ಹಾಳಾಗುವುದು ಹೆಚ್ಚಾಗಿ ಯಂತ್ರದ ಮುಂಚೆ. ಟ್ಯೂಬಿನಲ್ಲಿರುವ ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಶೇ 5ರಿಂದ 7. ಹಾಗಾಗಿ ಸಕ್ಕರೆಗೆ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬು. ಅದರಲ್ಲೂ ಮೊದಲ ಒಂದೆರಡು ಗಂಟೆ ಪೂರ್ತಿ ನಿಲ್ಲುವುದಿಲ್ಲ. ಮನೆಯಲ್ಲಿ ತೆಗೆದ ರಕ್ತ ಬಿಸಿಲಲ್ಲಿ ಬೈಕಿನ ಬ್ಯಾಗಿನಲ್ಲಿ ಹತ್ತು ಮನೆ ಸುತ್ತಿ ಲ್ಯಾಬು ಸೇರಿದರೆ 130 ಇದ್ದದ್ದು 118 ಆಗಿ ಕಾಣುವುದು ಸಾಧ್ಯ. ಎಚ್‌ಬಿಎ1ಸಿಗೆ ನೇರಳೆ ಮುಚ್ಚಳದ ಟ್ಯೂಬು, ಅದಕ್ಕೆ ಈ ತೊಂದರೆ ಇಲ್ಲ.

ಊಟದ ನಂತರದ ಸಕ್ಕರೆಗೆ ಎರಡು ಗಂಟೆ ಎಣಿಸಬೇಕಾದ್ದು ಮೊದಲ ತುತ್ತಿನಿಂದ, ಕೈ ತೊಳೆದ ಹೊತ್ತಿನಿಂದಲ್ಲ. ಆವತ್ತು ದಿನದ ಮಾತ್ರೆಯನ್ನು ಊಟದ ಜೊತೆ ತೆಗೆದುಕೊಳ್ಳಿ, ದಿನ ತಿನ್ನುವಷ್ಟೇ ತಿನ್ನಿ. ದಿನಾ ನಾಲ್ಕು ದೋಸೆ ತಿಂದು ಪರೀಕ್ಷೆಯ ದಿನ ಎರಡು ಇಡ್ಲಿ ತಿಂದರೆ ಬಂದದ್ದು ಇಡ್ಲಿಯ ರಿಪೋರ್ಟು. ಖಾಲಿ ಹೊಟ್ಟೆ ಅಂದರೆ 8ರಿಂದ 12 ಗಂಟೆ. ನೀರು ಕುಡಿಯಬಹುದು, ಕಾಫಿ ಬೇಡ, ಸಕ್ಕರೆ ಹಾಕದ ಕಾಫಿಯೂ ಬೇಡ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಊಟದ ಇನ್ಸುಲಿನ್ ಇರುವವರು ಅದನ್ನು ತೆಗೆದುಕೊಂಡು ಉಪವಾಸ ಲ್ಯಾಬಿಗೆ ಹೋಗಬಾರದು, ಸಾಲಿನಲ್ಲಿ ನಿಂತಲ್ಲೇ ಸಕ್ಕರೆ ಇಳಿದು ಬಿದ್ದಾರು. ರಕ್ತ ಕೊಟ್ಟು ತಿಂಡಿಯ ಜೊತೆ ತೆಗೆದುಕೊಳ್ಳುವುದು.

ಟ್ರೈಗ್ಲಿಸರೈಡ್ ತೀರಾ ಚಂಚಲ. ಮದುವೆ ಮನೆಯ ಹೋಳಿಗೆ, ಹಿಂದಿನ ರಾತ್ರಿಯ ಮದ್ಯ ಮರುದಿನದ ಅಂಕಿಯಲ್ಲಿ ಕಾಣುತ್ತದೆ. ಒಂದು ವಾರ ಪಥ್ಯ ಮಾಡಿ ಹೋದರೆ ಇಳಿದು ಕಾಣುತ್ತದೆ, ಎಚ್‌ಬಿಎ1ಸಿ ಮಾತ್ರ ಆ ಒಂದು ವಾರಕ್ಕೆ ಮರುಳಾಗುವುದಿಲ್ಲ. ಜ್ವರ, ಆಪರೇಷನ್ ಆದ ಮೇಲೆ ಕೊಲೆಸ್ಟ್ರಾಲ್ ಸುಳ್ಳಾಗಿ ಇಳಿದಿರುತ್ತದೆ, ಕೆಲವು ವಾರ ಬಿಟ್ಟು ಮಾಡಿಸಿ. ಕೂದಲು, ಉಗುರಿಗೆ ಅಂತ ಬಯೋಟಿನ್ ಮಾತ್ರೆ ತಿನ್ನುವವರು ಲ್ಯಾಬಿನಲ್ಲಿ ಹೇಳಲೇಬೇಕು. ಥೈರಾಯ್ಡ್ ಪರೀಕ್ಷೆಯನ್ನೂ ಹೃದಯಾಘಾತ ಪತ್ತೆಹಚ್ಚುವ ಟ್ರೋಪೊನಿನ್ ಪರೀಕ್ಷೆಯನ್ನೂ ಅದು ಎಡವಟ್ಟು ಮಾಡುತ್ತದೆ.

ಲಂಡನ್ನಿನಲ್ಲೋ ಮೆಲ್ಬರ್ನಿನಲ್ಲೋ ಇರುವ ಮಗ ಅಪ್ಪನ ರಿಪೋರ್ಟು ತನ್ನದರ ಜೊತೆ ಹೋಲಿಸುವಾಗ ಅಳತೆಯ ಮಾನ ಬೇರೆ ಎಂಬುದು ನೆನಪಿರಲಿ. ಅಲ್ಲಿನ ಸಕ್ಕರೆಯನ್ನು 18ರಿಂದ, ಕೊಲೆಸ್ಟ್ರಾಲನ್ನು 38.7ರಿಂದ, ಟ್ರೈಗ್ಲಿಸರೈಡನ್ನು 88.5ರಿಂದ ಗುಣಿಸಿದರೆ ಇಲ್ಲಿನ ಅಂಕಿ. ಎಚ್‌ಬಿಎ1ಸಿ 53 ಅಂತ ಬಂದರೆ ಹೆದರಬೇಡಿ, ಅದು ನಮ್ಮ 7. ಅಲ್ಲಿನ ಎಸಿಆರ್ 3 ಹೆಚ್ಚುಕಡಿಮೆ ಇಲ್ಲಿನ 30.

ಎಷ್ಟು ದಿನಕ್ಕೆ ಏನು ಅಂದರೆ: ಎಚ್‌ಬಿಎ1ಸಿ ಔಷಧ ಬದಲಾಗುತ್ತಿರುವಾಗ ಮೂರು ತಿಂಗಳಿಗೆ, ಸ್ಥಿರವಾದ ಮೇಲೆ ಆರು ತಿಂಗಳಿಗೆ. ಲಿಪಿಡ್, ಎಸಿಆರ್, ಕ್ರಿಯಾಟಿನಿನ್, ಯಕೃತ್ತಿನ ಪರೀಕ್ಷೆ, ಪ್ಲೇಟ್‌ಲೆಟ್ ಇರುವ ರಕ್ತದ ಎಣಿಕೆ ವರ್ಷಕ್ಕೊಮ್ಮೆ; ಎಸಿಆರ್ ಏರಿದ್ದರೆ ಇನ್ನೂ ಬೇಗ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿನ್ನುತ್ತಿರುವವರು, ಅದರಲ್ಲೂ ಸಸ್ಯಾಹಾರಿಗಳು, ಇದರ ಜೊತೆ ಬಿ12 ಸೇರಿಸಬೇಕು. 200ರ ಕೆಳಗಿದ್ದರೆ ಕೊರತೆ, 300ರ ವರೆಗೆ ಅನುಮಾನ. ಪಾದದ ಜುಮ್ಮುಜುಮ್ಮನ್ನು ಸಕ್ಕರೆಯ ಲೆಕ್ಕಕ್ಕೆ ಬರೆದು ವರ್ಷಗಟ್ಟಲೆ ಬಿಟ್ಟವರಲ್ಲಿ ಅಸಲಿ ಕಾರಣ ಇದೇ ಆಗಿರುವುದುಂಟು. ಬಿ12 ಅಥವಾ ಕಬ್ಬಿಣದ ಚಿಕಿತ್ಸೆ ಶುರುವಾದ ಮೊದಲ ತಿಂಗಳುಗಳಲ್ಲಿ ಹೊಸ ರಕ್ತಕಣ ಒಟ್ಟೊಟ್ಟಿಗೆ ಹುಟ್ಟುವುದರಿಂದ, ಸಕ್ಕರೆ ಇದ್ದಷ್ಟೇ ಇದ್ದರೂ ಎಚ್‌ಬಿಎ1ಸಿ ಇಳಿದು ಕಾಣಬಹುದು. ಆ ಅಂಕಿ ನಂಬಿ ಸಕ್ಕರೆಯ ಮಾತ್ರೆ ಕಡಿಮೆ ಮಾಡಿಸುವ ಮುಂಚೆ ಗ್ಲುಕೋಮೀಟರಿನ ಪುಸ್ತಕವನ್ನು ವೈದ್ಯರ ಮುಂದಿಡಿ.